ಉಕ್ಕಿನ ಪೆನ್ನಿಗೆ ಹತ್ತು ಲಕ್ಷ ಬರಲ್ಲ

ಪ್ರಶ್ನೆ: ನಮ್ಮ ತಂದೆ ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಕೂಡಿಟ್ಟ ಚಿಲ್ಲರೆಯಲ್ಲಿ 1943ರ ಬೆಳ್ಳಿ ಬಣ್ಣದ ಪೆನ್ನಿ ಸಿಕ್ಕಿದೆ. ಇದಕ್ಕೆ ಹತ್ತು ಲಕ್ಷ ಬೆಲೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಎಲ್ಲಿ ಮಾರಲಿ?

ಉತ್ತರ: ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಇಂಥ ವಿಡಿಯೊ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನಿಮ್ಮ ಹತ್ತಿರ ಇರುವುದು ಬೆಳ್ಳಿಯಲ್ಲ, ಸತು ಲೇಪಿಸಿದ ಉಕ್ಕು. ಕೈಯಿಂದ ಕೈಗೆ ಹೋಗಿ ಸವೆದಿದ್ದರೆ ಒಂದು ಡಾಲರ್ ಸಿಗುವುದೂ ಕಷ್ಟ.

ಎರಡನೇ ಮಹಾಯುದ್ಧದ ಮದ್ದುಗುಂಡಿಗೆ ತಾಮ್ರ ಬೇಕಿತ್ತು. ಹಾಗಾಗಿ ಆ ಒಂದು ವರ್ಷ ಅಮೆರಿಕ ಸರ್ಕಾರ ಸೆಂಟನ್ನು (ಪೆನ್ನಿ ಅನ್ನುವುದೂ ಇದನ್ನೇ) ಉಕ್ಕಿನಲ್ಲಿ ಹೊಡೆಸಿತು. ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 68 ಕೋಟಿ, ಡೆನ್ವರ್‌ನಲ್ಲಿ 21 ಕೋಟಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 19 ಕೋಟಿಗೂ ಮೀರಿ. ಒಟ್ಟು ನೂರು ಕೋಟಿಗೂ ಜಾಸ್ತಿ! ಜನ ಇದನ್ನು ಹತ್ತು ಸೆಂಟಿನ ಡೈಮ್ ಅಂದುಕೊಂಡು ಗೊಂದಲಕ್ಕೆ ಬೀಳುತ್ತಿದ್ದರು, ನಾಣ್ಯ ಬೇಗ ತುಕ್ಕು ಹಿಡಿಯುತ್ತಿತ್ತು. 1944ಕ್ಕೆ ಮತ್ತೆ ತಾಮ್ರದ ಮಿಶ್ರಲೋಹ ಬಂತು.

ಲಕ್ಷಗಟ್ಟಲೆ ಬೆಲೆ ಇರುವುದು ಅದೇ 1943ರ ಇಸವಿ ಇರುವ ತಾಮ್ರ ಬಣ್ಣದ ಸೆಂಟಿಗೆ. 1942ರ, ಇನ್ನೂ ಅಚ್ಚು ಹಾಕದ ಕೆಲವು ಕಂಚಿನ ಬಿಲ್ಲೆಗಳು ಟಂಕಸಾಲೆಯ ಡಬ್ಬಗಳಲ್ಲೇ ಉಳಿದು, ಉಕ್ಕಿನ ಬಿಲ್ಲೆಗಳ ಜೊತೆ ಅಚ್ಚಿಗೆ ಹೋದವು ಎಂದು ಪರಿಣತರು ನಂಬುತ್ತಾರೆ. ಡೆನ್ವರ್‌ನ ಅಂಥ ಒಂದು ನಾಣ್ಯ 2010ರಲ್ಲಿ 17 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಮಸಾಚುಸೆಟ್ಸ್‌ನ ಹುಡುಗನೊಬ್ಬನಿಗೆ 1947ರಲ್ಲಿ ಶಾಲೆಯ ಊಟದ ಚಿಲ್ಲರೆಯಲ್ಲಿ ಸಿಕ್ಕಿದ್ದ ಇನ್ನೊಂದಕ್ಕೆ 2019ರ ಹರಾಜಿನಲ್ಲಿ 2,04,000 ಡಾಲರ್ ಬಂತು. ಇಂಥ ನಾಣ್ಯ ತಂದುಕೊಟ್ಟವರಿಗೆ ಹೆನ್ರಿ ಫೋರ್ಡ್ ಹೊಸ ಕಾರು ಕೊಡುತ್ತಾರೆ ಅಂತ ನಲವತ್ತರ ದಶಕದಲ್ಲಿ ಸುದ್ದಿ ಹಬ್ಬಿತ್ತು. ಅದೂ ಶುದ್ಧ ಸುಳ್ಳು.

ತಾಮ್ರ ಬಣ್ಣದ್ದು ಯಾರಾದರೂ ಮಾರಲು ಬಂದರೆ ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರ ಬಳಿದ ಉಕ್ಕು, ಅಲ್ಲಿಗೆ ಮಾತು ಮುಗಿಯಿತು. ಅಂಟದಿದ್ದರೆ ತೂಕ ನೋಡಿ. ಉಕ್ಕಿನದ್ದು ಸುಮಾರು 2.7 ಗ್ರಾಂ, ಕಂಚಿನದ್ದು 3.11 ಗ್ರಾಂ. ಆಮೇಲೆ ಭೂತಗನ್ನಡಿಯಲ್ಲಿ ಕೊನೆಯ 3 ನೋಡಿ. ನಿಜವಾದದ್ದರಲ್ಲಿ ಅದರ ಬಾಲ ಉಳಿದ ಅಂಕಿಗಳಿಗಿಂತ ಕೆಳಗೆ ಇಳಿದಿರುತ್ತದೆ. 1948ರ ನಾಣ್ಯದ 8ನ್ನು ಅರ್ಧ ಕೆರೆದು 3 ಮಾಡಿದ್ದರೆ ಬಾಲ ಗಿಡ್ಡವಾಗಿರುತ್ತದೆ. ಈ ಮೂರರಲ್ಲೂ ಪಾಸಾದರೂ ನಾನು ನಂಬುವುದಿಲ್ಲ, ಏಕೆಂದರೆ ಕಂಚಿನಲ್ಲೇ ಅಚ್ಚು ಹಾಕಿದ ನಕಲಿಗಳೂ ಇವೆ. ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಕಂಪನಿಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪರೀಕ್ಷಿಸಿ ಸೀಲ್ ಮಾಡಿರದ 1943ರ ತಾಮ್ರದ ಸೆಂಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಉಕ್ಕಿನ ಸೆಂಟನ್ನು ಮಾತ್ರ ಅಲ್ಲಿಗೆ ಕಳಿಸಬೇಡಿ, ಅವರ ಫೀಸೇ ನಾಣ್ಯದ ಬೆಲೆಗಿಂತ ಜಾಸ್ತಿ.

ಉಕ್ಕಿನದ್ದರಲ್ಲೂ ಚಲಾವಣೆಗೇ ಹೋಗದೆ ಮೂಲ ಹೊಳಪು ಉಳಿಸಿಕೊಂಡಿದ್ದಕ್ಕೆ ಕೆಲವು ಡಾಲರ್ ಸಿಗುತ್ತದೆ, ತೀರಾ ಉತ್ತಮ ದರ್ಜೆಯದ್ದಕ್ಕೆ ಇನ್ನೂ ಹೆಚ್ಚು. ಆದರೆ ಫಳಫಳ ಅನ್ನುವುದನ್ನೆಲ್ಲ ನಂಬಬೇಡಿ. ಸವೆದ ನಾಣ್ಯಕ್ಕೆ ಮತ್ತೆ ಸತು ಅಥವಾ ಕ್ರೋಮ್ ಲೇಪಿಸಿ ‘ಹೊಸದು’ ಅಂತ ಮಾರುವವರು ಬೇಕಾದಷ್ಟು ಜನ. ಅಂಚು ನೋಡಿ. ಮೂಲದಲ್ಲಿ ಲೇಪವಾದ ತಗಡಿನಿಂದಲೇ ಬಿಲ್ಲೆ ಕತ್ತರಿಸುತ್ತಿದ್ದರು, ಹಾಗಾಗಿ ಅಂಚಿನಲ್ಲಿ ಬರೀ ಉಕ್ಕು ಕಾಣುತ್ತದೆ. ಮೊದಲು ತುಕ್ಕು ಹಿಡಿಯುವುದೂ ಅಲ್ಲೇ. ಅಂಚೂ ಮುಖದಷ್ಟೇ ಹೊಳೆಯುತ್ತಿದ್ದರೆ ಅದು ಮರುಲೇಪ, ಸಂಗ್ರಾಹಕರಿಗೆ ಬೇಡ.

ಪ್ರಶ್ನೆ: ಹುಣಸೆಹಣ್ಣು ಹಾಕಿ ತೊಳೆದರೆ ಬೆಲೆ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ಹುಳಿ ಸತುವನ್ನು ತಿಂದುಹಾಕುತ್ತದೆ, ಇದ್ದ ಬೆಲೆಯೂ ಹೋಗುತ್ತದೆ. ಯಾವ ನಾಣ್ಯವನ್ನೂ ಉಜ್ಜಬೇಡಿ.

ಪ್ರಶ್ನೆ: ನನ್ನ ಬಳಿ 1944ರ ತಾಮ್ರದ ಸೆಂಟ್ ಇದೆ.

ಉತ್ತರ: ಅದು ಮಾಮೂಲಿ. ಆ ಇಸವಿಯಲ್ಲಿ ಅಪರೂಪದ್ದು ಉಕ್ಕಿನದ್ದು.

ಪ್ರಶ್ನೆ: ನಡುವೆ ತೂತಿರುವ 1943ರ ಭಾರತದ ಪೈಸೆಗೆ ಎಷ್ಟು ಬೆಲೆ?

ಉತ್ತರ: ಅದೂ ಯುದ್ಧಕಾಲದಲ್ಲೇ ಶುರುವಾದ ಕಂಚಿನ ಕಾಸು, 1947ರವರೆಗೂ ಹೊಡೆದರು. ಸುಮ್ನೆ ಇಟ್ಟುಕೊಳ್ಳಿ, ಮೊಮ್ಮಕ್ಕಳಿಗೆ ತೋರಿಸಿ.

ಪ್ರಶ್ನೆ: ನಾಣ್ಯ ಕೊಳ್ಳುತ್ತೇವೆ, ಮೊದಲು ರಿಜಿಸ್ಟ್ರೇಶನ್ ಫೀಸ್ ಕಟ್ಟಿ ಅಂತ ವಾಟ್ಸ್‌ಆ್ಯಪ್‌ನಲ್ಲಿ ಕೇಳುತ್ತಿದ್ದಾರೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ಕಳಿಸಿದ್ದಾರೆ.

ಉತ್ತರ: ಪತ್ರ ನಕಲಿ. ತನ್ನ ಹೆಸರು ಹೇಳಿ ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ಫೀಸು, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಕೊಳ್ಳುವವರು ಹಣ ಕೊಡಬೇಕು, ಕೇಳುವುದಲ್ಲ. ಆಗಲೇ ಕಟ್ಟಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.