ಡಿಎನ್‌ಎ ಒಂದು ಸಲ ನಕಲಾದ ಮೇಲೆ ಮತ್ತೆ ಯಾಕೆ ಆಗೋದಿಲ್ಲ?

ಜೀವಕೋಶ ಎರಡಾಗುವ ಮುಂಚೆ ಡಿಎನ್‌ಎ ಒಂದೇ ಸಲ ನಕಲಾಗುತ್ತದೆ, ಎರಡನೇ ಸಲ ಆಗದಂತೆ ತಡೆಯೋದು ಯಾವುದು ಅಂತ ಕೇಳಿದ್ದೀರಿ. ನಾನು ಚಿತ್ರದುರ್ಗದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈ ಪ್ರಶ್ನೆ ಬಂದರೆ ನನಗೆ ತುಂಬಾ ಖುಷಿ.

ನಮ್ಮದು ಹಿರಿಯೂರು ಕಡೆಯ ಎರೆ ಹೊಲ. ತಾತ ಕೆಲವು ವರ್ಷ ಮಳೆಗೆ ಮುಂಚೆಯೇ ಒಣ ಮಣ್ಣಿಗೆ ಬಿತ್ತಿಬಿಡುತ್ತಿದ್ದರು. ಮಳೆ ಬಿದ್ದರೆ ಬೀಜ ಮೊಳೆಯುತ್ತದೆ. ಅದೇ ಮಳೆಗೆ ಎರೆ ಮಣ್ಣು ಅಂಟಾಗಿ ಕೂರಿಗೆ ಹೊಲಕ್ಕೆ ಇಳಿಯೋದಿಲ್ಲ. ಮೊಳಕೆ ಬರಿಸುವುದೂ ಮಳೆಯೇ, ಬಿತ್ತನೆ ನಿಲ್ಲಿಸುವುದೂ ಮಳೆಯೇ. ಕೋಶ ಮಾಡುವುದೂ ಇದನ್ನೇ.

ಬಿತ್ತನೆ ನಡೆಯುವುದು ನಕಲಿಗೆ ಮುಂಚಿನ ಜಿ1 ಹಂತದಲ್ಲಿ. ಡಿಎನ್‌ಎಯಲ್ಲಿ ನಕಲು ಶುರುವಾಗುವ ಜಾಗಗಳು ನಮ್ಮ ಕೋಶದಲ್ಲಿ ಸಾವಿರಾರು ಇವೆ. ಅಲ್ಲಿ ಆರು ಪ್ರೋಟೀನ್‌ಗಳ ಗುಂಪಾದ ಓಆರ್‌ಸಿ ಕೂರುತ್ತದೆ. ಸಿಡಿಸಿ6, ಸಿಡಿಟಿ1 ಎಂಬ ಪ್ರೋಟೀನ್‌ಗಳ ಜೊತೆ ಸೇರಿ ಅದು ಎಂಸಿಎಂ ಎಂಬ ಉಂಗುರಗಳನ್ನು ಡಿಎನ್‌ಎಗೆ ತೊಡಿಸುತ್ತದೆ. ಎರಡೆರಡು ಉಂಗುರ, ಮುಖಾಮುಖಿ. ಇವೇ ಬೀಜ, ಸದ್ಯಕ್ಕೆ ಸುಮ್ನೆ ಕೂತಿರುತ್ತವೆ. ಪುಸ್ತಕದಲ್ಲಿ ಇದಕ್ಕೆ ಲೈಸೆನ್ಸಿಂಗ್ ಅಂತಾರೆ. ಕಪ್ಪೆ ಮೊಟ್ಟೆಯ ಮೇಲೆ ಪ್ರಯೋಗ ಮಾಡಿ ಬ್ಲೋ ಮತ್ತು ಲಾಸ್ಕಿ ಎಂಬ ವಿಜ್ಞಾನಿಗಳು 1988ರಲ್ಲಿ ಈ ವಿಚಾರ ಮುಂದಿಟ್ಟರು.

ಮಳೆ ಅಂದರೆ ಸಿಡಿಕೆ. ಸೈಕ್ಲಿನ್ ಎಂಬ ಪ್ರೋಟೀನ್ ಜೊತೆಗೂಡಿದರೆ ಮಾತ್ರ ಕೆಲಸ ಮಾಡುವ ಕಿಣ್ವ. ಡಿಡಿಕೆ ಎಂಬ ಇನ್ನೊಂದು ಕಿಣ್ವವೂ ಬೇಕು. ಆಗ ಸಿಡಿಸಿ45, ಗಿನ್ಸ್ ಎಂಬ ಪ್ರೋಟೀನ್‌ಗಳು ಬಂದು ಎಂಸಿಎಂಗೆ ಕೂಡಿಕೊಳ್ಳುತ್ತವೆ. ಜೋಡಿ ಉಂಗುರ ಬೇರೆಯಾಗಿ, ಡಿಎನ್‌ಎ ಎಳೆ ಬಿಚ್ಚುತ್ತಾ ಒಂದು ಆ ಕಡೆ, ಒಂದು ಈ ಕಡೆ ಹೊರಡುತ್ತದೆ. ಇದು ನಕಲು ನಡೆಯುವ ಎಸ್ ಹಂತ, ನಮ್ಮ ಕೋಶಗಳಲ್ಲಿ ಸುಮಾರು 8 ಗಂಟೆ.

ಇದೇ ಹೊತ್ತಿಗೆ ಹೊಸ ಉಂಗುರ ತೊಡಿಸುವುದು ಬಂದ್. ಯೀಸ್ಟ್‌ನಲ್ಲಿ ಸಿಡಿಕೆಯೇ ಓಆರ್‌ಸಿ, ಸಿಡಿಸಿ6 ಎರಡನ್ನೂ ತಡೆಯುತ್ತದೆ. ನಮ್ಮಲ್ಲಿ ಜೆಮಿನಿನ್ ಎಂಬ ಪ್ರೋಟೀನ್ ಸಿಡಿಟಿ1 ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಿಡಿಟಿ1 ಅನ್ನು ಕೋಶ ಒಡೆದೂ ಹಾಕುತ್ತದೆ. ಲ್ಯಾಬಿನಲ್ಲಿ ಜೆಮಿನಿನ್ ಇಲ್ಲದಂತೆ ಮಾಡಿದರೆ ಎಷ್ಟೋ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ನಕಲಾದ ಡಿಎನ್‌ಎ ಮತ್ತೆ ನಕಲಾಗುತ್ತದೆ. ಕೋಶ ಎರಡಾಗುವ ಹೊತ್ತಿಗೆ ಎಪಿಸಿ ಎಂಬ ಪ್ರೋಟೀನ್‌ಗಳ ದೊಡ್ಡ ಗುಂಪು ಸೈಕ್ಲಿನ್, ಜೆಮಿನಿನ್ ಎರಡನ್ನೂ ಒಡೆಯಲು ಗುರುತು ಹಾಕುತ್ತದೆ. ಮಣ್ಣು ಒಣಗುತ್ತದೆ, ಮತ್ತೆ ಬಿತ್ತಬಹುದು.

ಬಿತ್ತಿದ್ದೆಲ್ಲ ಮೊಳೆಯೋದಿಲ್ಲ, ಉಳಿದ ಬೀಜ ಆಮೇಲೆ ಮೊಳೆತರೆ ಎರಡನೇ ನಕಲು ಆಗೇ ಆಗುತ್ತಲ್ವಾ? ಇದನ್ನು ಕೇಳಿಯೇ ಕೇಳುತ್ತೀರಿ. ಉಂಗುರಗಳನ್ನು ಕೋಶ ಬೇಕಾದ್ದಕ್ಕಿಂತ ಜಾಸ್ತಿಯೇ ತೊಡಿಸಿರುತ್ತದೆ. ಪಕ್ಕದಲ್ಲಿ ನಕಲು ನಡುವೆ ನಿಂತುಹೋದರೆ ಅಂಥದ್ದೊಂದು ಎದ್ದು ಆ ಕೆಲಸ ಮುಗಿಸುತ್ತದೆ. ನಕಲು ನಿಲ್ಲದೆ ಸಾಗಿ ಬಂದರೆ, ದಾರಿಯಲ್ಲಿ ಸುಮ್ನೆ ಕೂತ ಉಂಗುರಗಳು ಡಿಎನ್‌ಎಯಿಂದ ಕಳಚಿಬೀಳುತ್ತವೆ. ನಕಲಾದ ಜಾಗದಲ್ಲಿ ಬೀಜ ಉಳಿಯುವುದೇ ಇಲ್ಲ.