ಚೀಟಿ ಎತ್ತಿದರೆ ದಡ್ಡರೇ ಬರುತ್ತಾರಾ?

ಪತ್ರ: ಎಲೆಕ್ಷನ್ ಬದಲು ಚೀಟಿ ಎತ್ತಿ ಪ್ರತಿನಿಧಿಗಳನ್ನು ಆರಿಸಬಹುದು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಆಡಳಿತ ಅಂದರೆ ಹೌಸಿ ಆಟವೇ? ಯಾವನೋ ಪಂಕ್ಚರ್ ಅಂಗಡಿಯವನ ಹೆಸರು ಬಂದರೆ ಅವನಿಗೆ ಬಜೆಟ್ ಅರ್ಥವಾಗುತ್ತದೆಯೇ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಮೇಷ್ಟ್ರೇ, ಒಂದು ಮಾತು ಒಪ್ಪುತ್ತೇನೆ. ಕೆಲಸ ಮಾಡದವರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳಿಸುವ ಅಧಿಕಾರ ಮತದಾರರ ಕೈಯಲ್ಲಿದೆ. ಅದು ಸಣ್ಣದಲ್ಲ. ಆದರೆ ಪಂಕ್ಚರ್ ಅಂಗಡಿಯವನ ಬಗ್ಗೆ ನೀವು ಆಡಿದ ಮಾತು ನನಗೆ ಹಿಡಿಸಲಿಲ್ಲ.

ಕಾಂಚೀಪುರದ ಹತ್ತಿರ ಉತ್ತರಮೇರೂರು ಅಂತ ಊರಿದೆ. ಅಲ್ಲಿ ಕ್ರಿ.ಶ. 920ರ ಸುಮಾರಿನ, ಒಂದನೇ ಪರಾಂತಕ ಚೋಳನ ಕಾಲದ ಶಾಸನವಿದೆ. ಊರನ್ನು 30 ಭಾಗ ಮಾಡಿದ್ದರು. ಅರ್ಹರ ಹೆಸರನ್ನು ಓಲೆಯಲ್ಲಿ ಬರೆದು ಮಡಕೆಗೆ ಹಾಕುತ್ತಿದ್ದರು. ಏನೂ ಅರಿಯದ ಒಬ್ಬ ಹುಡುಗ ಓಲೆ ಎತ್ತಬೇಕು. ಅದನ್ನು ತೆಗೆದುಕೊಳ್ಳುವ ಮಧ್ಯಸ್ಥ ಐದೂ ಬೆರಳು ಬಿಡಿಸಿ ಅಂಗೈ ಚಾಚಿರಬೇಕು. ಅವನು ಓದಿದ ಮೇಲೆ ಅಲ್ಲಿದ್ದ ಅರ್ಚಕರೂ ಓದಬೇಕು. ಕೈಚಳಕ ನಡೆಯಬಾರದು ಅಂತ ಎಷ್ಟು ಎಚ್ಚರ ನೋಡಿ! ಕೆರೆ ನೋಡಿಕೊಳ್ಳುವ ಸಮಿತಿ, ತೋಟದ ಸಮಿತಿ, ಎಲ್ಲ ಹೀಗೇ ಆಗುತ್ತಿದ್ದವು. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿದ್ದವರ ಹೆಸರು ಮಡಕೆಗೆ ಬೀಳುತ್ತಿರಲಿಲ್ಲ. ಸಮಿತಿಯಲ್ಲಿದ್ದು ಲೆಕ್ಕ ಕೊಡದವನ ಹೆಸರೂ ಇಲ್ಲ, ಅವನ ನೆಂಟರದ್ದೂ ಇಲ್ಲ. ಇವತ್ತು ಈ ಒಂದು ನಿಯಮ ತಂದರೆ ನಮ್ಮಲ್ಲಿ ಎಷ್ಟು ಮನೆತನಗಳು ರಾಜಕೀಯದಲ್ಲಿ ಉಳಿದಾವು?

ಆದರೆ ಉತ್ತರಮೇರೂರು ಬ್ರಾಹ್ಮಣರ ಊರಾಗಿತ್ತು. ಜಮೀನು ಇರಬೇಕು, ವೇದ ಗೊತ್ತಿರಬೇಕು, ಹೆಂಗಸರಿಗೆ ಜಾಗವಿಲ್ಲ. ಆ ಬೇಲಿ ನನಗೆ ಬೇಡ. ಎಲ್ಲರ ಹೆಸರೂ ಬೀಳುವ ಮಡಕೆ ಬೇಕು.

ಗ್ರೀಸಿನ ಅಥೆನ್ಸ್ ಕೂಡ 500 ಜನರ ಸಭೆಯನ್ನು ಚೀಟಿಯಿಂದಲೇ ಆರಿಸುತ್ತಿತ್ತು. ದಂಡನಾಯಕರಂಥ ಕೆಲವರನ್ನು ಮಾತ್ರ ಮತ ಹಾಕಿ ಆರಿಸುತ್ತಿದ್ದರು. ಹಳೇ ಕಾಲದ ಕತೆ ಅನ್ನುತ್ತೀರಾ? ಐರ್ಲೆಂಡಿನಲ್ಲಿ ಗರ್ಭಪಾತದ ಕಾನೂನು ಮುಟ್ಟಲು ರಾಜಕಾರಣಿಗಳು ದಶಕಗಳ ಕಾಲ ಹೆದರಿದರು. 2016ರಲ್ಲಿ 99 ಸಾಮಾನ್ಯ ಜನರನ್ನು ಹೀಗೆ ಆರಿಸಿ ಕೂರಿಸಿದರು. ಅವರು ವೈದ್ಯರ ಮಾತು ಕೇಳಿದರು, ವಕೀಲರ ಮಾತು ಕೇಳಿದರು, ಕಷ್ಟ ಅನುಭವಿಸಿದ ಹೆಂಗಸರ ಮಾತು ಕೇಳಿದರು. ಕಾನೂನು ಬದಲಾಗಲಿ ಅಂದರು. 2018ರ ಜನಮತದಲ್ಲಿ ಶೇ 66.4ರಷ್ಟು ಜನ ಹೌದು ಅಂದರು. ಅರ್ಥವಾಗುವ ಹಾಗೆ ಹೇಳುವವರಿದ್ದು, ಕೇಳಲು ಸಮಯ ಕೊಟ್ಟರೆ ಬಜೆಟ್ಟೂ ಅರ್ಥವಾಗುತ್ತದೆ.

ಅಷ್ಟಕ್ಕೂ ಚೀಟಿ ನಮ್ಮ ಕಾನೂನಿಗೆ ಹೊಸದಲ್ಲ. ಇಬ್ಬರಿಗೂ ಸಮ ಮತ ಬಂದರೆ ಚೀಟಿಯೇ ತೀರ್ಮಾನ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದರು. ಆ ಮತ ಬೀಳದಿದ್ದರೆ ಶಾಸಕರನ್ನು ಆರಿಸುತ್ತಿದ್ದುದು ಚೀಟಿ.

ಇನ್ನು ನಿಮ್ಮ 'ಅವನಿಗೇನು ಗೊತ್ತು' ಅನ್ನುವ ಪ್ರಶ್ನೆ. 1987ರ ಪಂಚಾಯಿತಿ ಚುನಾವಣೆಯಲ್ಲಿ ಕರ್ನಾಟಕ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಾಗಲೂ 'ಅವಳಿಗೇನು ಗೊತ್ತು' ಅಂದವರು ಬೇಕಾದಷ್ಟು ಜನ. ಆದರೆ ದುಡ್ಡಿರುವವನನ್ನು ಹಾಗೆ ಯಾರೂ ಕೇಳುವುದಿಲ್ಲ, ಅಲ್ವಾ? ವಿಧಾನಸಭೆಗೆ ನಿಂತವರ ಖರ್ಚಿಗೆ 40 ಲಕ್ಷದ ಮಿತಿ ಇದೆ. ಅದನ್ನು ನಂಬುವ ಒಬ್ಬ ಮತದಾರನನ್ನು ತೋರಿಸಿ. ನಮ್ಮ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಯನ್ನು 2020ರಲ್ಲಿ ನೀವೂ ಓದಿರುತ್ತೀರಿ. ಜಾಸ್ತಿ ಕೂಗಿದವನಿಗೆ ಸದಸ್ಯತ್ವ! ಆ ಹರಾಜಿಗಿಂತ ಮಡಕೆ ಕೀಳೇ? ಊರಿನ ಅರ್ಧದಷ್ಟು ಮಕ್ಕಳಿಗೆ ನೀವೇ ಲೆಕ್ಕ ಕಲಿಸಿದ್ದೀರಿ. ಅವರ ತಲೆಯ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ದರೆ ಇನ್ಯಾರಿಗೆ ಇರಬೇಕು?

ಶಾಸಕರ ಮಾತು ಸದ್ಯಕ್ಕೆ ಬಿಡಿ. ನಿಮ್ಮೂರಿನ ಕೆರೆಗೆ ಸಮಿತಿ ಇದ್ದರೆ, ಮುಂದಿನ ಸಲ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ಯಾರು ವಿರೋಧಿಸಿದರು, ಏನು ಕಾರಣ ಕೊಟ್ಟರು ಅಂತ ಬರೆದು ಕಳಿಸಿ. ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.