ಕ್ರೈಸ್ತರಲ್ಲಿ ಕೆಲವರು ಹಸುಗೂಸಿಗೇ ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ನೀರಿನ ಸಂಸ್ಕಾರ) ಮಾಡಿಸುತ್ತಾರೆ, ಕೆಲವರು ದೊಡ್ಡವರಾದ ಮೇಲೆ. ಯಾಕೆ ಈ ವ್ಯತ್ಯಾಸ?

ನಂಬಿಕೆ ಮೊದಲೋ, ನೀರು ಮೊದಲೋ ಅನ್ನೋದೇ ಇಲ್ಲಿನ ತಕರಾರು.

ಕ್ಯಾಥೊಲಿಕರಲ್ಲಿ ಸಾಮಾನ್ಯವಾಗಿ ಮಗುವಿನ ತಲೆಗೆ ಮೂರು ಸಲ ನೀರು ಹುಯ್ಯುತ್ತಾ ತಂದೆ, ಮಗ, ಪವಿತ್ರಾತ್ಮನ ಹೆಸರು ಹೇಳುತ್ತಾರೆ. ಆರ್ಥೊಡಾಕ್ಸ್ ಪಾದ್ರಿಗಳು ಕೂಸನ್ನೇ ಮೂರು ಸಲ ಮುಳುಗಿಸಿ ಎತ್ತುತ್ತಾರೆ. ದೇವರ ಕೃಪೆ ಮಗುವಿಗೆ ತಿಳಿವಳಿಕೆ ಬರುವವರೆಗೆ ಕಾಯಬೇಕಿಲ್ಲ ಅನ್ನೋದು ಇವರ ವಾದ.

ಪ್ರೊಟೆಸ್ಟೆಂಟರಲ್ಲೇ ಒಂದು ಪಂಗಡವಾದ ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ‘ನಾನು ನಂಬುತ್ತೇನೆ’ ಅಂತ ಅವರವರೇ ಹೇಳಬೇಕು, ಆಮೇಲೇ ಮುಳುಗು. ಯೇಸುವಿನ ಅಪೊಸ್ತಲ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಮಾತು ಇಲ್ಲಿ ಕಣ್ಣಿಗೇ ಕಾಣುತ್ತದೆ: ಮುಳುಗುವುದು ಕ್ರಿಸ್ತನ ಜೊತೆ ಸತ್ತಂತೆ, ಏಳುವುದು ಹೊಸ ಬದುಕು.

ಇದೇನು ಸುಮ್ನೆ ಮಾತಿನ ಜಗಳವಾಗಿರಲಿಲ್ಲ. ಕೂಸಾಗಿದ್ದಾಗಲೇ ದೀಕ್ಷಾಸ್ನಾನವಾಗಿದ್ದ ದೊಡ್ಡವರಿಗೆ ಮತ್ತೆ ಅದನ್ನು ಕೊಟ್ಟನೆಂದು 1527ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬ ಧರ್ಮಸುಧಾರಕನನ್ನು ನದಿಯಲ್ಲಿ ಮುಳುಗಿಸಿ ಕೊಂದರು.